ಕಿತ್ತೂರು ಸೀಮೆಯ ಪಹರೆಯೂ ಆಟಸಿದ್ಧಾಂತವೂ

ಕಾಯತಕ್ಕ ಸ್ಥಳಗಳು ಹಲವು, ಕಾಯುವವರು ಕೆಲವರು ಎಂಬ ತೊಡಕು ಆಳುವವರಿಗೆ ಹೊಸದಲ್ಲ. ಅದನ್ನು ಗಣಿತದಿಂದ ಬಿಡಿಸುವ ಕ್ರಮ ಮಾತ್ರ ಇಪ್ಪತ್ತನೆಯ ಶತಮಾನದ್ದು. 1928ರಲ್ಲಿ ಜಾನ್ ವಾನ್ ನ್ಯೂಮನ್ ಆಟಸಿದ್ಧಾಂತಕ್ಕೆ ತಳಹದಿ ಹಾಕಿದನು. ಒಬ್ಬನು ಮೊದಲು ನಡೆಯಿಡಲು, ಮತ್ತೊಬ್ಬನು ಅದನ್ನು ಕಂಡು ತನ್ನ ನಡೆಯನ್ನು ಆರಿಸುವ ಪ್ರಸಂಗವನ್ನು 1934ರಲ್ಲಿ ಸ್ಟಾಕೆಲ್‌ಬರ್ಗನು ವಿವೇಚಿಸಿದನು. 2007ರಿಂದ ಲಾಸ್ ಏಂಜಲೀಸ್ ವಿಮಾನನಿಲ್ದಾಣದ ಪಹರೆಯನ್ನು ಹಂಚಲು ಈ ತತ್ತ್ವವನ್ನೇ ಬಳಸಲಾಯಿತು. ಇದು ಕಿತ್ತೂರು ಸೀಮೆಯ ಇತಿಹಾಸದ ಮೇಲೆ ಯಾವ ಬೆಳಕನ್ನು ಚೆಲ್ಲಬಲ್ಲುದೆಂಬುದೇ ಇಲ್ಲಿಯ ವಿಚಾರ.

1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕೋಟೆಯು ಕಂಪನಿಯ ವಶವಾಯಿತು. ಸೆರೆಯಾದ ರಾಣಿ ಚೆನ್ನಮ್ಮನು ಬೈಲಹೊಂಗಲದಲ್ಲಿ 1829ರಲ್ಲಿ ತೀರಿಕೊಂಡಳು. ಅನಂತರ ದತ್ತಕ ಶಿವಲಿಂಗಪ್ಪನ ಪರವಾಗಿ ಸಂಗೊಳ್ಳಿ ರಾಯಣ್ಣನು ಜನರನ್ನು ಕೂಡಿಸಿ ಎದ್ದು ನಿಂತನು. ಸಂಪಗಾವಿ, ಬೀಡಿ, ನಂದಗಡಗಳೆಂದು ಸರ್ಕಾರದ ಠಾಣ್ಯಗಳು ಚದುರಿದ್ದವು. ಎಲ್ಲಕ್ಕೂ ಸಾಕಾಗುವ ದಂಡು ಇರಲಿಲ್ಲ. ದಂಡು ಎಲ್ಲಿ ಇಳಿದಿದೆಯೆಂಬುದು ಊರವರಿಗೆ ಕಾಣುತ್ತಿತ್ತು. ಆದುದರಿಂದ ಮೊದಲ ನಡೆ ಕಂಪನಿಯದು, ಎರಡನೆಯದು ರಾಯಣ್ಣನದು.

ಕೇವಲ ಕಲ್ಪಿತವಾದ ಒಂದು ಲೆಕ್ಕದಿಂದ ಇದನ್ನು ತಿಳಿಯಬಹುದು. ಒಂದು ಊರಿನಲ್ಲಿ ಖಜಾನೆ, ಇನ್ನೊಂದರಲ್ಲಿ ಜಮೀನಿನ ದಫ್ತರ. ಪಹರೆಯ ತುಕಡಿ ಒಂದೇ. ಸರ್ಕಾರಕ್ಕೆ ಖಜಾನೆಯ ಬೆಲೆ 3, ದಫ್ತರದ್ದು 1 ಎನ್ನೋಣ. ಎದುರಾಳಿಯೂ ಹೀಗೆಯೇ ಎಣಿಸುವನೆಂದು ನಂಬಿದರೆ, ನಾಲ್ಕು ರಾತ್ರಿಗಳಲ್ಲಿ ಮೂರು ರಾತ್ರಿ ಖಜಾನೆಯನ್ನು ಕಾಯುವುದು ಯುಕ್ತ. ಆದರೆ ಎದುರಾಳಿಗೆ ದಫ್ತರದ ಬೆಲೆ 2, ಖಜಾನೆಯದು 1 ಆಗಿದ್ದರೆ? ಅವನು ದಫ್ತರವನ್ನೇ ಸುಡುವನು. ಆಗ ಮೂರು ರಾತ್ರಿಗಳಲ್ಲಿ ಎರಡು ರಾತ್ರಿ, ಗೊತ್ತಾದ ಸರದಿಯಿಲ್ಲದೆ, ದಫ್ತರವನ್ನು ಕಾಯಬೇಕಾಗುವುದು. ಅಂದರೆ ಪಹರೆಯ ಹಂಚಿಕೆಗೆ ತನ್ನ ಬೆಲೆಪಟ್ಟಿಯೊಂದೇ ಸಾಲದು, ವೈರಿಯದೂ ಬೇಕು.

ಆ ಪಟ್ಟಿಯನ್ನು ಕೊಡತಕ್ಕದ್ದು ಗಣಿತವಲ್ಲ, ಇತಿಹಾಸ. ರಾಯಣ್ಣನು ಶೇತಸನದಿಯಾಗಿದ್ದವನು; ಹೊಲವನ್ನು ಕಳೆದುಕೊಂಡು, ಉಳಿದುದಕ್ಕೆ ಹೆಚ್ಚಿನ ಕಂದಾಯವನ್ನು ಹೊತ್ತವನು. ಅಂಥವನ ಕಣ್ಣಿಗೆ ಕಚೇರಿಯ ಕಾಗದಗಳೇ ಅನ್ಯಾಯದ ಮೂಲ. ಬೀಡಿಯ ಕಚೇರಿಗೆ ಬೆಂಕಿ ಬಿದ್ದುದನ್ನು ಬರಿಯ ಲೂಟಿಯೆಂದು ಎಣಿಸುವವರು ಇದನ್ನು ಮರೆಯುತ್ತಾರೆ.

ಕೊನೆಗೆ ಕಂಪನಿಯು ಗೆದ್ದುದು ಪಹರೆಯ ಬಲದಿಂದಲ್ಲ. ಸ್ಥಳೀಯರಲ್ಲಿ ಕೆಲವರನ್ನು ಒಲಿಸಿಕೊಂಡು 1830ರ ಏಪ್ರಿಲಿನಲ್ಲಿ ರಾಯಣ್ಣನನ್ನು ಹಿಡಿಸಿತು. 1831ರ ಜನವರಿಯಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಸುದ್ದಿಯು ಇತ್ತ ಹರಿದೊಡನೆ ಆಟವೇ ತಿರುಗಿತು. 1858ರ ಮೇ 29ರ ರಾತ್ರಿ ಇದು ವಿಪರೀತವಾಗಿ ನಡೆಯಿತು: ರಾಮದುರ್ಗದಿಂದ ಹೊರಟು ಸುರೇಬಾನದಲ್ಲಿ ತಂಗಿದ್ದ ಮ್ಯಾನ್ಸನ್ನನನ್ನು ನರಗುಂದದ ಬಾಬಾಸಾಹೇಬನು ಕೊಂದನು. ಖಜಾನೆ ಕಚೇರಿಗಳನ್ನು ಎಣಿಸುತ್ತಿದ್ದ ಸರ್ಕಾರದ ಅಧಿಕಾರಿಯೇ, ಅಲ್ಪ ಪಹರೆಯಲ್ಲಿ, ಗುರಿಯಾದನು.

ರಾಯಣ್ಣನಾಗಲಿ ಕಂಪನಿಯಾಗಲಿ ಇಂಥ ಲೆಕ್ಕ ಹಾಕಿದರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಕಾವಲನ್ನು ಎಲ್ಲಿಡಬೇಕೆಂಬುದನ್ನು ಆಟಸಿದ್ಧಾಂತವು ತಿಳಿಸೀತು. ಜನರು ಕಾವಲಿನ ವಿರುದ್ಧ ಏಕೆ ಎದ್ದರೆಂಬುದನ್ನು ಅದು ತಿಳಿಸಲಾರದು. ಮೊದಲನೆಯ ಪ್ರಶ್ನೆಯನ್ನು ಮಾತ್ರ ಕೇಳಿದ ಸರ್ಕಾರಕ್ಕೆ ಎಷ್ಟು ದಂಡಿದ್ದರೂ ಸಾಲುವುದಿಲ್ಲ.