ಮುಷ್ಟಿಯ ಬಲ ಎಲ್ಲಿಂದ?

ದೀಪಾವಳಿ ಕಳೆದ ಮೇಲೆ ಶಿಕಾರಿಪುರ, ಸೊರಬದ ಕಡೆ ಹೋಗಿದ್ದರೆ ನೀವು ಹೋರಿ ಹಬ್ಬವನ್ನು ನೋಡಿಯೇ ಇರುತ್ತೀರಿ. ಕೊಬ್ಬರಿ ಹಾರ ಕಟ್ಟಿದ ಹೋರಿ ಜನರ ನಡುವೆ ನುಗ್ಗಿ ಬರುತ್ತದೆ. ಅದನ್ನು ಹಿಡಿಯಲು ನಿಂತ ಯುವಕರ ತೋಳುಗಳನ್ನಲ್ಲ, ಪಾದಗಳನ್ನು ಗಮನಿಸಿ. ಪಳಗಿದವನು ಹಿಮ್ಮಡಿ ಊರಿ ನಿಲ್ಲುವುದಿಲ್ಲ. ಹೋರಿಯ ಹೆಗಲು ಯಾವ ಕಡೆ ವಾಲಿತೆಂದು ನೋಡಿ, ಅರೆಹೆಜ್ಜೆ ಪಕ್ಕಕ್ಕೆ ಸರಿದು ಕೈ ಹಾಕುತ್ತಾನೆ.

ವಿಶ್ವಮಟ್ಟದ ಬಾಕ್ಸರ್ ಮಾಡುವುದೂ ಬಹುಮಟ್ಟಿಗೆ ಇದನ್ನೇ. ಕಣ್ಣು ಕಂಡದ್ದಕ್ಕೆ ದೇಹ ಸ್ಪಂದಿಸಲು ಸುಮಾರು 0.2 ಸೆಕೆಂಡು ಬೇಕು. ಗುದ್ದು ಹೊರಟದ್ದನ್ನು ಕಂಡ ಮೇಲೆ ತಪ್ಪಿಸಿಕೊಳ್ಳುತ್ತೇನೆಂದರೆ ಆಗಲೇ ತಡವಾಗಿರುತ್ತದೆ. ಎದುರಾಳಿಯ ಹೆಗಲು, ಸೊಂಟಗಳ ಚಲನೆಯಿಂದಲೇ ಅದನ್ನು ಮೊದಲು ಊಹಿಸಬೇಕು. ಇನ್ನು ಗುದ್ದಿನ ಬಲವೂ ತೋಳಿನಲ್ಲೇ ಹುಟ್ಟುವುದಿಲ್ಲ. 1985ರಲ್ಲಿ ಪ್ರಕಟವಾದ ಸೋವಿಯತ್ ಅಧ್ಯಯನವೊಂದರ ಪ್ರಕಾರ, ನುರಿತ ಬಾಕ್ಸರುಗಳ ಗುದ್ದಿನಲ್ಲಿ ಕಾಲಿನ ಪಾಲು ಶೇಕಡಾ 38ರಷ್ಟು, ತೋಳಿನದು 24ರಷ್ಟು. ಕಲಿಕೆಯ ಹಂತದವರಲ್ಲಿ ಕಾಲಿನ ಪಾಲು 16ರ ಆಸುಪಾಸು. ಕಾಲು ನೆಲವನ್ನು ಒತ್ತಿದ ಬಲ ಸೊಂಟದ ತಿರುವಿನಿಂದ ಮುಷ್ಟಿಗೆ ಏರುತ್ತದೆ. ನಮ್ಮ ಟೀವಿ ಕ್ಯಾಮೆರಾಗಳು ಮುಖವನ್ನೂ ಮುಷ್ಟಿಯನ್ನೂ ಹಿಂಬಾಲಿಸಿ ಪಾದವನ್ನು ಚೌಕಟ್ಟಿನಾಚೆ ಬಿಡುತ್ತವೆ; ಇದು ನಮ್ಮ ವೃತ್ತಿಯವರ ಹಳೆಯ ತಪ್ಪು.

ಇಂಥ ದೇಹ ತಾನಾಗಿ ಆಗುವುದಿಲ್ಲ, ಸಾಕುವವರು ಬೇಕು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಬನವಾಸಿ 12000 ನಾಡಿನ ರಾಜಧಾನಿಯಾಗಿ ಮೆರೆದದ್ದು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ. ಅದೇ ವಂಶದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಅಲ್ಲಿ ಮಲ್ಲರನ್ನು ವಯಸ್ಸು, ಗಾತ್ರ, ಶಕ್ತಿಗಳಿಗೆ ತಕ್ಕಂತೆ ವಿಂಗಡಿಸಲಾಗಿದೆ. ಇಂದಿನ ತೂಕದ ವರ್ಗಗಳನ್ನು ನೆನಪಿಸಿಕೊಳ್ಳಿ. ಮಾಡಬೇಕಾದ ವ್ಯಾಯಾಮವನ್ನೂ ಹೇಳಿದೆ. ಬೇಳೆ, ಮಾಂಸ, ಹಾಲು, ಸಕ್ಕರೆ ಒದಗಿಸುವ ಹೊಣೆ ಅರಸನದು.

ವಿಜಯನಗರದ ಮಹಾನವಮಿಯಲ್ಲಿ ಮಲ್ಲರು ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ ಗುದ್ದಾಡುತ್ತಿದ್ದರೆಂದು ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬರೆದಿದ್ದಾನೆ. ಅನಂತರ ಬಂದ ನೂನಿಜ್ ಹೇಳುವುದು ಇನ್ನೂ ವಿಚಿತ್ರ: ಅರಸನ ಬಳಿ 1000 ಮಲ್ಲರು, ಕೈಯಲ್ಲಿ ಮೊನೆಗಳುಳ್ಳ ಬಳೆ, ಹೆಚ್ಚು ಗಾಯಗೊಂಡವನಿಗೆ ರೇಷ್ಮೆ ವಸ್ತ್ರದ ಬಹುಮಾನ! ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜೆಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗ ಈ ಸಾಲಿನದೇ. ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಅದು ಮುಗಿಯುತ್ತದೆ, ಕೆಲವೊಮ್ಮೆ ಕ್ಷಣಾರ್ಧದಲ್ಲಿ.

ಒಲಿಂಪಿಕ್ ಬಾಕ್ಸಿಂಗಿನಲ್ಲಾದರೋ 3 ನಿಮಿಷಗಳ 3 ಸುತ್ತು ನಿಲ್ಲಬೇಕು, ಕೊನೆಯ ನಿಮಿಷದಲ್ಲೂ ಪಾದ ಹಗುರವಾಗಿರಬೇಕು. ಮಣಿಪುರದ ಮೇರಿ ಕೋಮ್ ಮೊದಲ ವಿಶ್ವ ಪ್ರಶಸ್ತಿ ಗೆದ್ದದ್ದು 2002ರಲ್ಲಿ, ಆರನೆಯದನ್ನು 2018ರಲ್ಲಿ. ನಡುವಿನ 16 ವರ್ಷ ಆ ಕಾಲುಗಳನ್ನು ಉಳಿಸಿಕೊಂಡದ್ದೇ ದೊಡ್ಡ ಸಾಧನೆ ಎಂಬುದು ನನ್ನ ಅಭಿಪ್ರಾಯ.

ಸೊರಬದ ಹಳ್ಳಿಗಳಲ್ಲಿ ತುರುಗಾಳಗದಲ್ಲಿ ಮಡಿದವರ ವೀರಗಲ್ಲುಗಳನ್ನು ಕಾಣುತ್ತೀರಿ. ಹೋರಿ ಹಬ್ಬದಲ್ಲೂ ತಿವಿತಕ್ಕೆ ಸಿಕ್ಕಿ ಸತ್ತವರಿದ್ದಾರೆ. ಬದುಕಿ ಗೆದ್ದವನ ಕೈಗೆ ಬಂದದ್ದು ಕಿತ್ತ ಕೊಬ್ಬರಿ. ಅವನ ಆ ಅರೆಹೆಜ್ಜೆಯನ್ನು ಗುರುತಿಟ್ಟುಕೊಂಡು ಹಾಲು, ಬೇಳೆ ಕೊಟ್ಟು ಹತ್ತು ವರ್ಷ ಸಾಕಲು ಯಾರೂ ಬರುವುದಿಲ್ಲ. ಮರುದಿನ ಅವನು ಮೆಕ್ಕೆಜೋಳದ ಹೊಲದಲ್ಲಿರುತ್ತಾನೆ.