ದೂರದರ್ಶನದಲ್ಲಿ ಎರಡು ಗ್ರಹಣಗಳು

1980ರ ಫೆಬ್ರುವರಿ 16ರ ಮಧ್ಯಾಹ್ನ ನಮ್ಮ ದೊಡ್ಡ ಊರುಗಳ ಬೀದಿಗಳೆಲ್ಲ ಬಿಕೋ ಎನ್ನುತ್ತಿದ್ದುವು. ಕರ್ಫ್ಯೂ ಇರಲಿಲ್ಲ, ಮುಷ್ಕರವೂ ಇರಲಿಲ್ಲ. ಇದ್ದುದು ಖಗ್ರಾಸ ಸೂರ್ಯಗ್ರಹಣ. ಭಾರತದ ಮುಖ್ಯ ಭೂಭಾಗಕ್ಕೆ 1898ರ ನಂತರ ಅಂಥ ಗ್ರಹಣ ಬಂದಿರಲಿಲ್ಲ. ಚಂದ್ರನ ನೆರಳು ಅಂಕೋಲೆಯ ಬಳಿ ಕಡಲಿನಿಂದ ನೆಲಕ್ಕೇರಿ, ಗದಗ, ರಾಯಚೂರುಗಳ ಸೀಮೆಯನ್ನು ದಾಟಿ ಪುರಿಯತ್ತ ಓಡಿತು. ಬೆಂಗಳೂರಿನ ಖಭೌತ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿ ಕಾದಿದ್ದರು. ನಡುಹಗಲ ಆ ಎರಡೂವರೆ ನಿಮಿಷದ ಕತ್ತಲನ್ನು ಕಾಣಲು ಪರದೇಶಗಳಿಂದಲೂ ಜನ ಬಂದಿದ್ದರು. ನಮ್ಮವರೋ, ನೀರಿನ ಕೊಡಕ್ಕೆ ದರ್ಭೆ ಹಾಕಿ, ಕಿಟಕಿಗೆ ಅಗಳಿ ಇಟ್ಟು ಒಳಗೆ ಕುಳಿತರು.

ಟೆಲಿವಿಷನ್ ಇದ್ದ ನಗರಗಳಲ್ಲಿ ದೂರದರ್ಶನವು ಅದೇ ಹೊತ್ತಿಗೆ ಒಂದು ಹಿಂದಿ ಚಲನಚಿತ್ರವನ್ನು ಬಿತ್ತರಿಸಿತು. ಜನ ಬರಿಗಣ್ಣಿನಿಂದ ಸೂರ್ಯನನ್ನು ನೋಡಿ ದೃಷ್ಟಿ ಕೆಡಿಸಿಕೊಳ್ಳದಿರಲಿ ಎಂಬುದೇ ಉದ್ದೇಶ. ಉದ್ದೇಶವೇನೋ ಒಳ್ಳೆಯದೇ. ಆದರೆ ದೂರದರ್ಶಕಗಳು ಆಕಾಶ ನೋಡುತ್ತಿದ್ದ ಗಳಿಗೆಯಲ್ಲಿ ದೂರದರ್ಶನ ಸಿನಿಮಾ ತೋರಿಸುತ್ತಿತ್ತೆಂದರೆ, ಹೆಸರಿನಲ್ಲಿ ಅಷ್ಟು ಹತ್ತಿರವಿದ್ದ ಆ ಎರಡು ಯಂತ್ರಗಳ ನಡುವೆ ಎಷ್ಟು ದೂರವಿತ್ತು ನೋಡಿ!

ಹೆಚ್ಚು ಆಶ್ಚರ್ಯದ ಸಂಗತಿ ಬೇರೆಯೇ ಇದೆ. ಇದಕ್ಕೆ ಐದು ವರ್ಷ ಮೊದಲೇ ಇದೇ ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಟೆಲಿವಿಷನ್ ವಿಜ್ಞಾನವನ್ನು ಕನ್ನಡದಲ್ಲಿ ಮಾತಾಡಿತ್ತು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮ ಕಳುಹಿಸಿದರು. ನಮ್ಮಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಸೇರಿದ್ದುವು. ತಂತಿಬಲೆಯ ಹತ್ತಡಿ ಅಗಲದ ಛತ್ರಿ, ಅದರ ಕೆಳಗೆ ಒಂದು ಪೆಟ್ಟಿಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ. ಮಕ್ಕಳ ವಿಜ್ಞಾನ ಪಾಠಗಳನ್ನು ಮುಂಬಯಿಯಲ್ಲಿ ತಯಾರಿಸಿದವರು ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದವರು. ಆ ಕೇಂದ್ರದ ನಿರ್ದೇಶಕರೇ ವಿಶ್ವಕಿರಣಗಳ ವಿಜ್ಞಾನಿ ಪ್ರೊಫೆಸರ್ ಯಶಪಾಲರು. ವರ್ಷ ತುಂಬಿತು, ಉಪಗ್ರಹ ಹಿಂದಿರುಗಿತು, ಪೆಟ್ಟಿಗೆಗಳಲ್ಲಿ ಬಹುಪಾಲು ಮೂಕವಾದುವು.

ಯಶಪಾಲರು ಮಾತ್ರ ಸುಮ್ಮನಾಗಲಿಲ್ಲ. ಮುಂದೆ ದೂರದರ್ಶನದ ‘ಟರ್ನಿಂಗ್ ಪಾಯಿಂಟ್’ ಕಾರ್ಯಕ್ರಮದಲ್ಲಿ ಅವರು ದೇಶಕ್ಕೆಲ್ಲ ಪರಿಚಿತರಾದರು. ಅದರ ನಿರೂಪಕರಲ್ಲಿ ನಮ್ಮ ಗಿರೀಶ ಕಾರ್ನಾಡರೂ ಒಬ್ಬರೆಂಬುದನ್ನು ಕನ್ನಡಿಗರು ನೆನೆಯಬೇಕು. ವೀಕ್ಷಕರು ಬರೆದು ಕಳಿಸಿದ ಪ್ರಶ್ನೆಗಳಿಗೆ ಯಶಪಾಲರು ಉತ್ತರ ಹೇಳುವರು. ಪ್ರಶ್ನೆ ಎಷ್ಟು ಚಿಕ್ಕದಾದರೂ ನಗುತ್ತ ಅದನ್ನು ತಿರುವಿ ನೋಡುವರು, ತಿಳಿಯದ್ದನ್ನು ತಿಳಿಯದೆನ್ನುವರು. ಪಂಡಿತರೆನ್ನಿಸಿಕೊಂಡವರಲ್ಲಿ ಈ ಗುಣ ಅಪರೂಪ. ಥಳುಕಿನ ಚಿತ್ರಗಳಿಗಿಂತ ಈ ಒಂದು ಮುಖವೇ ವಿಜ್ಞಾನವನ್ನು ಮನೆಯೊಳಕ್ಕೆ ಕರೆತಂದಿತೆಂದು ನನ್ನ ಅಭಿಪ್ರಾಯ.

ಪರೀಕ್ಷೆಯ ದಿನ ಬಂದದ್ದು 1995ರ ಅಕ್ಟೋಬರ್ 24ರಂದು, ದೀಪಾವಳಿಯ ಅಮಾವಾಸ್ಯೆ. ನೆರಳು ಈ ಸಲ ರಾಜಸ್ಥಾನದಿಂದ ಬಂಗಾಳದ ಡೈಮಂಡ್ ಹಾರ್ಬರಿನವರೆಗೆ ಹಾಯಿತು. ದೂರದರ್ಶನ ಸಿನಿಮಾ ಹಾಕಲಿಲ್ಲ. ಗ್ರಹಣವನ್ನೇ ನೇರವಾಗಿ ತೋರಿಸಿ, ವಿವರಿಸಲು ಯಶಪಾಲರನ್ನು ಕೂರಿಸಿತು. ಸೂರ್ಯನ ವ್ಯಾಸ ಚಂದ್ರನದಕ್ಕಿಂತ ಸುಮಾರು 400 ಪಟ್ಟು ದೊಡ್ಡದು, ದೂರವೂ ಸುಮಾರು 400 ಪಟ್ಟು. ಆದ್ದರಿಂದಲೇ ಆ ಪುಟ್ಟ ಬಿಲ್ಲೆ ಈ ದೊಡ್ಡದನ್ನು ಸರಿಯಾಗಿ ಮುಚ್ಚುತ್ತದೆ. ಮುಚ್ಚುವ ಕೊನೆಯ ಗಳಿಗೆಯಲ್ಲಿ ಚಂದ್ರನ ಅಂಚಿನ ಕಣಿವೆಯೊಂದರಿಂದ ಒಂದೇ ಒಂದು ಕಿರಣ ಹೊಮ್ಮಿ ವಜ್ರದುಂಗುರವಾಗುತ್ತದೆ. ಅದು ಪರದೆಯ ಮೇಲೆ ಮೂಡಿದಾಗ ಆ ವೃದ್ಧ ವಿಜ್ಞಾನಿ ಮಗುವಿನಂತೆ ಹಿಗ್ಗಿದರು. ರಾಜಸ್ಥಾನದಲ್ಲಿ ಪೂರ್ಣಗ್ರಾಸ ಒಂದು ನಿಮಿಷವೂ ಇರಲಿಲ್ಲ. ಆದರೆ ಆ ಹಿಗ್ಗನ್ನು ಕಂಡವರು ಇಂದಿಗೂ ಮರೆತಿಲ್ಲ.

ಹಾಗೆಂದು ಹೆದರಿಕೆ ಅಂದೇ ಅಳಿಯಿತೆನ್ನಲಾಗದು. ಪೆಟ್ಟಿಗೆಯಲ್ಲಿ ಗ್ರಹಣ ನೋಡುತ್ತಲೇ ಬಾಗಿಲು ಮುಚ್ಚಿಕೊಂಡವರೂ ಉಂಟು. ಆದರೂ ಹದಿನೈದು ವರ್ಷಗಳ ಹಿಂದೆ ನಿರ್ಜನವಾಗಿದ್ದ ಬೀದಿಗಳಿಗೆ, ಈ ಸಲ ಕಪ್ಪು ಹಾಳೆಯ ಕನ್ನಡಕ ಹಿಡಿದು ಎಷ್ಟೋ ಜನ ಇಳಿದಿದ್ದರು.

ಯಶಪಾಲರು 2017ರಲ್ಲಿ ತೀರಿಕೊಂಡರು. ಈಗ ವಾಹಿನಿಗಳು ಲೆಕ್ಕವಿಲ್ಲದಷ್ಟು. ಗ್ರಹಣ ಬಂತೆಂದರೆ ಅವುಗಳಲ್ಲಿ ಅನೇಕವು ರಾಶಿಫಲ ಹೇಳುವವರನ್ನೇ ಸಾಲಾಗಿ ಕೂರಿಸುತ್ತವೆ. ಭಾರತದ ನೆಲವನ್ನು ಮುಟ್ಟುವ ಮುಂದಿನ ಖಗ್ರಾಸ ಗ್ರಹಣ 2034ರ ಮಾರ್ಚ್ 20ರಂದು, ಲಡಾಖಿನ ಕಡೆಯಲ್ಲಿ. ನಮ್ಮಲ್ಲಿ ಬಹುಮಂದಿ ಅದನ್ನು ಪರದೆಯ ಮೇಲೆಯೇ ನೋಡಬೇಕಾದೀತು.