ಡಪ್ಪಿಗೆ ಕಟ್ಟಿದ ಬಣ: ಹರದೇಶಿ–ನಾಗೇಶಿ ನಡೆದುಬಂದ ದಾರಿ

ಶಿವ ಹೆಚ್ಚೋ ಶಕ್ತಿ ಹೆಚ್ಚೋ? ಗಂಡು ಹೆಚ್ಚೋ ಹೆಣ್ಣು ಹೆಚ್ಚೋ? ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ತಲೆಮಾರುಗಳಿಂದ ಈ ವಾದ ನಡೆದಿದೆ, ತೀರ್ಪು ಇನ್ನೂ ಬಂದಿಲ್ಲ. ಶಿವನ ಪರ ಹಾಡುವವರು ಹರದೇಶಿ, ಅವರ ಗುರುತು ತುರಾಯಿ. ಶಕ್ತಿಯ ಪರ ಹಾಡುವವರು ನಾಗೇಶಿ, ಅವರ ಗುರುತು ಕಲ್ಗಿ. ಮುಂದೆ ಡಪ್ಪು ಹಿಡಿದ ಹಾಡುಗಾರ, ಹಿಂದೆ ತುಂತುಣಿ ಮತ್ತು ತಾಳ, ನುಡಿ ಮುಗಿದಾಗಲೆಲ್ಲ ಹಿಮ್ಮೇಳ ಎತ್ತಿಕೊಳ್ಳುವ ‘ಗೀ ಗೀ’ ಸೊಲ್ಲು. ಆ ಸೊಲ್ಲಿನಿಂದಲೇ ಇದಕ್ಕೆ ಗೀಗೀ ಪದ ಎಂಬ ಹೆಸರು. ಇದರ ತವರು ಕೃಷ್ಣಾ–ಭೀಮಾ ತೀರ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿ ಜಿಲ್ಲೆಗಳಲ್ಲಿ ಅದರ ಬೇರು ಆಳವಾಗಿದೆ. ವರದೆಯ ಬದಿಯ ಹಾನಗಲ್ಲು, ಸವಣೂರು, ಹತ್ತಿಮತ್ತೂರು ಸೀಮೆಯನ್ನು ಅದರ ತೆಂಕಣ ಅಂಚು ಎನ್ನಬಹುದು.

ಹುಟ್ಟಿನ ಬಗ್ಗೆ ಹಾಡುಗಾರರಲ್ಲಿ ಒಂದು ಐತಿಹ್ಯವಿದೆ. ತುಕನಗಿರಿ ಎಂಬ ಗೋಸಾವಿ, ಶಾಹ ಅಲಿ ಎಂಬ ಫಕೀರ, ಇಬ್ಬರೂ ಮಧ್ಯ ಭಾರತದ ಚಂದೇರಿಯ ಅರಸನ ಮುಂದೆ ವಾದಿಸಿದರಂತೆ. ಯಾರೂ ಸೋಲಲಿಲ್ಲ. ಅರಸ ತನ್ನ ಮುಂಡಾಸಿನಿಂದ ಒಬ್ಬನಿಗೆ ತುರಾಯಿ, ಇನ್ನೊಬ್ಬನಿಗೆ ಕಲ್ಗಿ ತೆಗೆದುಕೊಟ್ಟ. ಇದು ಚರಿತ್ರೆಯೆಂದು ನಾನು ಹೇಳುವುದಿಲ್ಲ. ಆದರೆ ಇದರ ಹರಹು ದೊಡ್ಡದು: ರಾಜಸ್ಥಾನದ ಚಿತ್ತೋಡದ ಕಡೆ ತುರ್ರಾ–ಕಲಂಗಿ ಆಟವಿದೆ, ಕೊಂಕಣದಲ್ಲಿ ಶಕ್ತಿ–ತುರಾ ಪಂದ್ಯವಿದೆ, ಮರಾಠಿ ಶಾಹಿರರಲ್ಲಿ ಕಲ್ಗಿ–ತುರಾ ಇದೆ. ಒಂದು ಬಣ ಸಾಧುವಿನದು, ಇನ್ನೊಂದು ಫಕೀರನದು ಎಂದ ಮೇಲೂ ಈ ಹಾಡು ಎಲ್ಲಿಯೂ ಜಾತಿಧರ್ಮದ ಗೋಡೆಯಾಗಲಿಲ್ಲ. ಹಲಸಂಗಿಯ ಖಾಜಾಭಾಯಿ ಕನ್ನಡ ಲಾವಣಿಯ ದೊಡ್ಡ ಹೆಸರುಗಳಲ್ಲೊಂದು. ಮುಸಲ್ಮಾನರ ಮನೆಯ ಹಾಡುಗಾರ ಶಿವಶಕ್ತಿಯರ ವಾದಕ್ಕೆ ನಿಂತರೆ ನಮ್ಮ ಊರುಗಳಲ್ಲಿ ಯಾರೂ ಬೆರಗಾಗುತ್ತಿರಲಿಲ್ಲ. ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದ ಶರೀಫರು (1819–1889) ಮೊಹರಮ್ಮಿನ ರಿವಾಯತ್ ಪದಗಳನ್ನೂ ಶಿವಯೋಗದ ತತ್ವಪದಗಳನ್ನೂ ಒಂದೇ ಬಾಯಲ್ಲಿ ಹಾಡಿದ ಸೀಮೆ ಇದು.

ಕನ್ನಡಕ್ಕೆ ಈ ಪಂಥ ಮರಾಠಿ ಸೀಮೆಯ ಮೂಲಕ ಬಂದಿರಬೇಕು. ಪೇಶ್ವೆಯರ ಕಾಲದಲ್ಲಿ ಲಾವಣಿಗೆ ದೊಡ್ಡ ಆಶ್ರಯ ಸಿಕ್ಕಿತು. ಆ ಕಾಲದ ಪ್ರಸಿದ್ಧ ಶಾಹಿರ ರಾಮಜೋಶಿಯ ಊರು ಸೊಲ್ಲಾಪುರ, ಅಂದರೆ ಎರಡೂ ಭಾಷೆ ಬೀದಿಯಲ್ಲಿ ಕೇಳುವ ಊರು. 1756ರಲ್ಲಿ ಪೇಶ್ವೆಯ ದಂಡು ಸವಣೂರಿಗೂ ಮುತ್ತಿಗೆ ಹಾಕಿತ್ತು. ದಂಡು, ಕಂದಾಯ, ವ್ಯಾಪಾರ ಓಡಾಡಿದ ದಾರಿಯಲ್ಲೇ ಹಾಡೂ ಓಡಾಡಿತೆಂದು ನಾನು ನಂಬುತ್ತೇನೆ. ಶಾಹಿರ, ಸವಾಲು, ಜವಾಬು, ಚಾಲ ಎಂಬ ಮಾತುಗಳೇ ಅದನ್ನು ಹೇಳುತ್ತವೆ.

ಈ ಹಾಡಿಕೆಯ ಜೀವ ಇರುವುದು ಅದರ ಕಟ್ಟಳೆಯಲ್ಲಿ. ಎರಡು ಮೇಳ ಎದುರುಬದುರು ಕೂಡುತ್ತವೆ. ಮೊದಲು ಗಣಪತಿ, ಶಾರದೆಯರ ಸ್ತುತಿ, ಗುರುವಿನ ನೆನಕೆ. ಆಮೇಲೆ ಒಂದು ಮೇಳ ಪುರಾಣದ ಪ್ರಸಂಗವೊಂದನ್ನು ಹಾಡಿ, ಕೊನೆಗೆ ಸವಾಲು ಹಾಕಿ ಕೂಡುತ್ತದೆ. ಎದುರು ಮೇಳ ಜವಾಬು ಕೊಡಬೇಕು, ಅದೂ ಹಾಡಿನಲ್ಲೇ, ಆಗಿಂದಾಗಲೇ. ಜವಾಬು ಕೊಟ್ಟ ಮೇಲೆ ತನ್ನದೊಂದು ಸವಾಲು ಹಾಕಬೇಕು. ಹೀಗೆ ಬೆಳಗಿನ ಮಂಗಲದವರೆಗೆ.

ಭೃಂಗಿಯ ಕತೆಯನ್ನು ನೋಡಿ. ಶಿವನನ್ನಷ್ಟೇ ಸುತ್ತುತ್ತೇನೆ, ಪಾರ್ವತಿಯನ್ನು ಸುತ್ತುವುದಿಲ್ಲ ಎಂದು ಹಟ ಹಿಡಿದ ಋಷಿ ಆತ. ಇಬ್ಬರೂ ಅರ್ಧನಾರೀಶ್ವರರಾಗಿ ಒಂದೇ ಮೈಯಲ್ಲಿ ಕೂತಾಗ ದುಂಬಿಯಾಗಿ ನಡುವೆ ಕೊರೆದು ಶಿವನ ಭಾಗವನ್ನಷ್ಟೇ ಸುತ್ತಿದ. ದೇವಿ ಶಪಿಸಿದಳು. ರಕ್ತಮಾಂಸ ಕರಗಿ ಎಲುಬಿನ ಹಂದರವಾಗಿ ಕುಸಿದವನಿಗೆ ಶಿವ ಮೂರನೆಯ ಕಾಲು ಕೊಟ್ಟು ನಿಲ್ಲಿಸಿದ. ಹರದೇಶಿಯವನಿಗೆ ಇದು ಬಿಡದ ಭಕ್ತಿಯ ಕತೆ. ನಾಗೇಶಿಯವಳು ಇದೇ ಕತೆಯನ್ನು ತಿರುಗಿಸಿ ಕೇಳಬಹುದು: ಶಕ್ತಿಯನ್ನು ಬಿಟ್ಟವನು ತನ್ನ ಎರಡು ಕಾಲ ಮೇಲೆ ನಿಲ್ಲಲಾರದೆ ಹೋದನಲ್ಲ, ಯಾರು ಹೆಚ್ಚು? ಮಹಿಷಾಸುರನ ವಧೆ, ಸಾವಿತ್ರಿಯ ಹಟ, ಪರಶುರಾಮ ರೇಣುಕೆಯ ತಲೆ ಕಡಿದದ್ದು, ಎಲ್ಲವೂ ಹೀಗೆ ಎರಡೂ ಕಡೆಗೆ ಹರಿತವಿರುವ ಕತೆಗಳು. ಆದ್ದರಿಂದ ಈ ಹಾಡಿಕೆಯಲ್ಲಿ ಬಣನಿಷ್ಠೆ ಎಂದರೆ ತನ್ನ ಕಡೆಯ ಕತೆ ಮಾತ್ರ ಬಲ್ಲವನ ನಿಷ್ಠೆಯಲ್ಲ. ಎದುರಿನವರ ಪುರಾಣವನ್ನು ಅವರಷ್ಟೇ ಓದಿಕೊಳ್ಳದವನು ಒಂದು ರಾತ್ರಿಯೂ ಬಾಳಲಾರ. ನನ್ನ ಮಟ್ಟಿಗೆ ಈ ಪರಂಪರೆಯ ದೊಡ್ಡ ಗುಣ ಇದೇ.

ನಿಷ್ಠೆ ಕಟ್ಟಿದ್ದು ಗುರುವಿನ ಮೂಲಕ. ಹಾಡು ಕಲಿಯಲು ಬಂದವನು ಒಬ್ಬ ಗುರುವಿನ ಮನೆ ಸೇರುತ್ತಿದ್ದ, ಆ ಗುರುವಿನ ಬಣವೇ ಅವನ ಬಣವಾಗುತ್ತಿತ್ತು. ಹಾಡಿನ ಕೊನೆಯ ನುಡಿಯಲ್ಲಿ ಕವಿಯ ಊರು, ಗುರುವಿನ ಹೆಸರು ಬರುತ್ತದೆ. ಕವಿಗಳನ್ನು ನಾವು ಇಂದಿಗೂ ಊರಿನ ಹೆಸರು ಹಿಡಿದೇ ಕರೆಯುತ್ತೇವೆ. ಕೇಳುವವರಲ್ಲೂ ಹಾಗೆಯೇ, ಹರದೇಶಿಯ ಕಡೆ ವಾಲಿದವರು, ನಾಗೇಶಿಯ ಕಡೆ ವಾಲಿದವರು ಇರುತ್ತಾರೆ.

ಬರಹಕ್ಕೆ ಬಂದ ಕತೆ ಚಿಕ್ಕದು. ಮುಂಬಯಿ ಸರಕಾರದ ಅಧಿಕಾರಿ ಜೆ.ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಮೊದಲಾದ ಕನ್ನಡ ಲಾವಣಿಗಳನ್ನು ಅಚ್ಚು ಹಾಕಿದ. ಮುಂದೆ ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರು ಹಾಡುಗಳ ಬೆನ್ನು ಹತ್ತಿದರು. 1931ರಲ್ಲಿ ‘ಗರತಿಯ ಹಾಡು’, ಆಮೇಲೆ ಲಾವಣಿಗಳ ‘ಜೀವನ ಸಂಗೀತ’ ಬಂದವು. ಅವರಿಗೆ ನಾವು ಸಲ್ಲಿಸಬೇಕಾದ ಋಣ ದೊಡ್ಡದು. ಆದರೂ ಒಂದು ಮಾತು: ಪುಸ್ತಕದಲ್ಲಿ ಹಾಡು ಒಂಟಿಯಾಗಿ ನಿಲ್ಲುತ್ತದೆ. ಯಾವ ಸವಾಲಿಗೆ ಅದು ಜವಾಬಾಗಿ ಬಂತು, ಆ ರಾತ್ರಿ ಎದುರಿಗೆ ಯಾರಿದ್ದರು ಎಂಬುದು ಅಚ್ಚಿನಲ್ಲಿ ಉಳಿಯಲಿಲ್ಲ.

ಸ್ವಾತಂತ್ರ್ಯ ಚಳವಳಿ ಬಂದಾಗ ಡಪ್ಪು ಹೊಸ ಕೆಲಸಕ್ಕೆ ನಿಂತಿತು. ರಾಮದುರ್ಗ ಸೀಮೆಯ ಹುಲಕುಂದದ ಭೀಮಕವಿಯಂಥವರು ಗಾಂಧಿ, ಚರಕ, ಸ್ವರಾಜ್ಯವನ್ನು ಗೀಗೀ ಪದಕ್ಕೆ ತಂದರು. ಆಗ ಎದುರಿನ ಬಣ ಬದಲಾಯಿತು: ಶಿವನೂ ಶಕ್ತಿಯೂ ಒಂದು ಕಡೆ, ಬ್ರಿಟಿಷ್ ಸರಕಾರ ಇನ್ನೊಂದು ಕಡೆ. ಸ್ವಾತಂತ್ರ್ಯದ ನಂತರ ಸರಕಾರ ಕುಟುಂಬ ಯೋಜನೆ, ಸಾಕ್ಷರತೆಯ ಪ್ರಚಾರಕ್ಕೂ ಇದೇ ಮಟ್ಟನ್ನು ಬಳಸಿತು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಗೀಗೀಯನ್ನು ಮನೆಮನೆಗೆ ಮುಟ್ಟಿಸಿತು. ಈ ಪ್ರಚಾರದ ಪದಗಳಲ್ಲಿ ಸವಾಲು ಹಾಕುವವರೇ ಇರಲಿಲ್ಲ. ಹಾಡುಗಾರರಿಗೆ ನಾಲ್ಕು ಕಾಸು ಸಿಕ್ಕಿತು, ಹಾಡಿಕೆಗೆ ಏನೂ ದಕ್ಕಲಿಲ್ಲ.

ಇದಕ್ಕಿಂತ ದೊಡ್ಡ ಬದಲಾವಣೆ ಹೆಂಗಸರು ಡಪ್ಪು ಹಿಡಿದದ್ದು. ಇಂದು ಹೆಚ್ಚಿನ ಕಡೆ ಹರದೇಶಿಯನ್ನು ಗಂಡಸರು, ನಾಗೇಶಿಯನ್ನು ಹೆಂಗಸರು ಹಾಡುತ್ತಾರೆ. ಇಡೀ ಊರು ಕೂತಿರುವಾಗ ಹೆಣ್ಣುಮಗಳೊಬ್ಬಳು ಎದ್ದು ನಿಂತು ಗಂಡಸಿನ ದೊಡ್ಡಸ್ತಿಕೆಗೆ ಪುರಾಣದ ಆಧಾರ ಕೊಟ್ಟು ಎದುರುತ್ತರ ಕೊಡುವುದು ಸಣ್ಣ ಸಂಗತಿಯಲ್ಲ. ಹಗಲಿನಲ್ಲಿ ಆಕೆಗೆ ಆ ಮಾತಿಗೆ ಅವಕಾಶವಿಲ್ಲದ ಊರುಗಳಲ್ಲೂ ರಾತ್ರಿ ಅದು ನಡೆಯಿತು. ಹೆಣ್ಣನ್ನು ಹೀಯಾಳಿಸುವ ಹರದೇಶಿ ಪದಗಳಿವೆ, ನಿಜ. ಅವು ನನಗೆ ನೋವು ತರುತ್ತವೆ. ಆದರೆ ಅವಕ್ಕೆ ಮರುಕ್ಷಣವೇ ಜವಾಬು ಸಿಗುವ ವೇದಿಕೆಯೂ ಇದೊಂದೇ.

ಆಮೇಲೆ ಕ್ಯಾಸೆಟ್ ಬಂತು. ರಾತ್ರಿಯಿಡೀ ನಡೆಯುವ ವಾದ ಅರವತ್ತು ನಿಮಿಷದ ಸುರುಳಿಗೆ ಇಳಿಯಿತು. ಪುರಾಣದ ಸವಾಲು ಕಳಚಿತು, ಗಂಡಹೆಂಡಿರ ಜಗಳದ ತಮಾಷೆ ಉಳಿಯಿತು. ಈಗ ಯೂಟ್ಯೂಬ್. ಮೊಬೈಲಿನಲ್ಲಿ ಹಿಡಿದ ಇಡೀ ರಾತ್ರಿಯ ಹಾಡಿಕೆಗಳೂ, ಹಳೆಯ ಕ್ಯಾಸೆಟ್ಟುಗಳೂ ಅಲ್ಲಿ ಸಿಗುತ್ತವೆ. ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದವರು ಅವನ್ನು ಹುಡುಕಿ ಕೇಳುತ್ತಾರೆ. ಈ ಹಂಬಲ ಒಳ್ಳೆಯದೇ. ಅದು ಕೇಳುವುದಕ್ಕಷ್ಟೇ ನಿಂತರೆ ಮಾತ್ರ ನನಗೆ ಚಿಂತೆ.

ಹೊರಗಿನ ಲೋಕದಲ್ಲೂ ಬಣ ಕಟ್ಟಿಕೊಂಡ ಪುರಾಣಗಳು ಹೀಗೆ ಬಹುಕಾಲ ಬಾಳಿವೆ. 2004ರಲ್ಲಿ ಶುರುವಾದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಕಂಪ್ಯೂಟರ್ ಆಟದಲ್ಲಿ ಅಲಯನ್ಸ್, ಹೋರ್ಡ್ ಎಂಬ ಎರಡು ಬಣಗಳಿವೆ. ಆಡುವವರಲ್ಲಿ ಕೆಲವರು ಬಣದ ಬಾವುಟವನ್ನು ಮೈಮೇಲೆ ಹಚ್ಚೆ ಹಾಕಿಸಿಕೊಳ್ಳುವಷ್ಟು ನಿಷ್ಠರು. ಹಳೆಯ ಆಟದ ಹಂಬಲ ಎಷ್ಟಿತ್ತೆಂದರೆ 2019ರಲ್ಲಿ ಕಂಪನಿ ‘ಕ್ಲಾಸಿಕ್’ ಎಂಬ ಹೆಸರಿನಲ್ಲಿ ಮೊದಲಿನ ರೂಪವನ್ನೇ ಮತ್ತೆ ತೆರೆಯಿತು. ಆದರೆ ಈ ಆಟದಲ್ಲಿ ಎದುರು ಬಣದವರು ಬರೆದ ಮಾತು ಅರ್ಥವಾಗದ ಅಕ್ಷರಗಳಾಗಿ ಕಾಣುತ್ತಿತ್ತು. ಮುಖ್ಯ ಆಟದಲ್ಲಿ ಎರಡೂ ಬಣದವರು ಒಂದೇ ತಂಡದಲ್ಲಿ ಆಡಲು 2022ರವರೆಗೆ ಕಾಯಬೇಕಾಯಿತು. ನಮ್ಮ ಹಾಡಿಕೆ ನಡೆದದ್ದು ಇದಕ್ಕೆ ತಿರುಗುಮುರುಗಾಗಿ. ಇಲ್ಲಿ ಎದುರಿನವರ ಮಾತು ಅರ್ಥವಾಗದಿದ್ದರೆ ಆಟವೇ ಇಲ್ಲ.

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹತ್ತಿಮತ್ತೂರಿನಂಥ ಊರುಗಳಿಗೆ ಅದು ನೆರೆಮನೆ. ಅಲ್ಲಿನವರು ಹಾಡನ್ನು ಬಿಡಿಬಿಡಿಯಾಗಿ ಅಲ್ಲ, ಸವಾಲು–ಜವಾಬಿನ ಜೋಡಿಯಾಗಿ, ಇಡೀ ರಾತ್ರಿಯ ಕ್ರಮದಲ್ಲಿ ದಾಖಲಿಸಲಿ. ಸವಣೂರು, ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ತಾಲ್ಲೂಕುಗಳ ಜಾತ್ರಾ ಕಮಿಟಿಯ ಹಿರಿಯರಲ್ಲಿ ನನ್ನ ಕೇಳಿಕೆ ಇಷ್ಟು: ಸಭೆಯ ನಡುವೆ ಹತ್ತು ನಿಮಿಷದ ಗೀಗೀ ಪದಕ್ಕಾಗಿ ಒಂದೇ ಮೇಳವನ್ನು ಕರೆಸಬೇಡಿ. ಹರದೇಶಿ, ನಾಗೇಶಿ ಎರಡನ್ನೂ ಕರೆಸಿ, ಇಬ್ಬರಿಗೂ ಸಮನಾದ ಸಂಭಾವನೆ ಕೊಡಿ, ಬೆಳಗಿನ ಮಂಗಲದವರೆಗೆ ಅಟ್ಟವನ್ನು ಅವರಿಗೆ ಬಿಟ್ಟುಕೊಡಿ.